ಗೂಬೆಯ ಕುಲಗೋತ್ರ

ರಾತ್ರಿ ಮನೆಯ ಮುಂದಿನ ಮರದಲ್ಲಿ ಗೂಬೆ ಕೂಗಿದರೆ ಅಪಶಕುನವೆಂದು ಅಂಜುವವರುಂಟು. ಬೆಳಗಿನ ಜಾವ ಬುಡುಬುಡುಕೆಯವನು ಬಂದು ಹಾಲಕ್ಕಿ ಶುಭ ನುಡಿಯಿತೆಂದರೆ, ಅವರೇ ಮೊರದಲ್ಲಿ ಅಕ್ಕಿ ತಂದು ನೀಡುತ್ತಾರೆ. ಆದರೆ ಹಾಲಕ್ಕಿಯೂ ಗೂಬೆಯೇ ಎಂಬುದನ್ನು ನೀವು ಬಲ್ಲಿರಾ? ಪ್ರಾಣಿಶಾಸ್ತ್ರಜ್ಞರಿಗೆ ಇಂಥ ಪಂಕ್ತಿಭೇದ ಸಲ್ಲದು. ಅವರು ಮೈಕಟ್ಟನ್ನು ನೋಡಿ ಕುಲವನ್ನು ಗೊತ್ತುಮಾಡುತ್ತಾರೆ.

1758ರಲ್ಲಿ ಸ್ವೀಡನ್ನಿನ ಲಿನೇಯಸನು ಗೂಬೆಗಳನ್ನೆಲ್ಲ 'ಸ್ಟ್ರಿಕ್ಸ್' ಎಂಬ ಒಂದೇ ಜಾತಿಗೆ ಸೇರಿಸಿ, ಹದ್ದು ಗಿಡುಗಗಳ ಸಾಲಿನಲ್ಲಿಟ್ಟನು. ಬಾಗಿದ ಕೊಕ್ಕು, ಹರಿತವಾದ ಉಗುರು ಇಬ್ಬರಿಗೂ ಉಂಟಷ್ಟೆ. ಆದರೆ ಒಂದೇ ಕಸುಬಿನವರ ಆಯುಧ ಒಂದೇ ತೆರನಾಗಿದ್ದ ಮಾತ್ರಕ್ಕೆ ಅವರು ದಾಯಾದಿಗಳಾಗುವುದಿಲ್ಲ. ಈಗ ಗೂಬೆಗಳದೇ ಪ್ರತ್ಯೇಕ ಗಣ. ಅದರಲ್ಲಿ ಎರಡು ಕುಟುಂಬಗಳು.

ಮೊದಲನೆಯದು ಕಣಜದ ಗೂಬೆಯ ಕುಟುಂಬ, 'ಟೈಟೋನಿಡೀ'. ಇದರ ಬಿಳಿಯ ಮುಖ ಹೃದಯದ ಆಕಾರದ್ದು. ನಡುಬೆರಳಿನ ಉಗುರಿಗೆ ಬಾಚಣಿಗೆಯಂಥ ಹಲ್ಲುಗಳಿವೆ. ಒಳಬೆರಳೂ ನಡುಬೆರಳೂ ಸಮನಾದ ಉದ್ದ. ಎರಡನೆಯದಾದ 'ಸ್ಟ್ರಿಜಿಡೀ' ಕುಟುಂಬದಲ್ಲಿ ಮುಖ ದುಂಡಗೆ, ಒಳಬೆರಳು ಗಿಡ್ಡ, ಉಗುರಿಗೆ ಬಾಚಣಿಗೆಯಿಲ್ಲ. ಹಾಲಕ್ಕಿ, ಕೊಂಬಿನ ಗೂಬೆ, ಮೀನುಗೂಬೆ ಎಲ್ಲವೂ ಇದರವೇ. 200ಕ್ಕೂ ಹೆಚ್ಚು ಪ್ರಭೇದಗಳಿವೆ. ಅಂದಹಾಗೆ, ಆ ಕೊಂಬು ಕೊಂಬೂ ಅಲ್ಲ, ಕಿವಿಯೂ ಅಲ್ಲ. ಗರಿಗಳ ಜುಟ್ಟು ಅಷ್ಟೆ.

ಬೆರಳು ಉಗುರು ಎಣಿಸಿ ಏನು ಫಲವೆಂದು ನೀವು ಕೇಳಬಹುದು. ಹಾಲಕ್ಕಿಯ ಹತ್ತಿರದ ಬಂಧುವಾದ ಕಾಡು ಹಾಲಕ್ಕಿಯ ಕಥೆ ಕೇಳಿರಿ. 1873ರಲ್ಲಿ ಹ್ಯೂಮ್ ಎಂಬ ಪಕ್ಷಿತಜ್ಞ ಇದನ್ನು ಬಣ್ಣಿಸಿದನು. 1884ರ ತರುವಾಯ ಅದು ಯಾರ ಕೈಗೂ ಸಿಕ್ಕಲಿಲ್ಲ. 1914ರಲ್ಲಿ ಗುಜರಾತಿನಲ್ಲಿ ದೊರೆತುದೆಂದು ಮೈನರ್ಟ್ಸ್‌ಹಾಗೆನ್ ಎಂಬ ಆಂಗ್ಲ ಸೇನಾಧಿಕಾರಿ ಚೀಟಿ ಅಂಟಿಸಿದ್ದ ಒಂದು ಚರ್ಮವಿತ್ತು. ಪಮೇಲಾ ರಾಸ್ಮುಸ್ಸೆನ್ ಎಂಬ ವಿದುಷಿ ಅದನ್ನು ಪರೀಕ್ಷಿಸಿ, ಅದು ಬೇರೊಬ್ಬರ ಸಂಗ್ರಹದಿಂದ ಕದ್ದ ಹಳೆಯ ಚರ್ಮ, ಚೀಟಿ ಸುಳ್ಳು ಎಂದು ತೋರಿಸಿದರು. ಬಳಿಕ ನಿಜವಾದ ಚೀಟಿಗಳ ಜಾಡು ಹಿಡಿದು ಹೊರಟು, ಸಂಗಡಿಗರೊಡನೆ 1997ರಲ್ಲಿ ಮಹಾರಾಷ್ಟ್ರದ ಕಾಡಿನಲ್ಲಿ ಆ ಹಕ್ಕಿಯನ್ನು ಜೀವಂತವಾಗಿ ಕಂಡರು. 113 ವರ್ಷ ಅಳಿದುಹೋಯಿತೆಂದು ತೋರಿದ್ದ ಜೀವಿ ಹೀಗೆ ಲೆಕ್ಕಕ್ಕೆ ಬಂದಿತು.

ಹೆಸರು, ಊರು, ಕುಲ ಸರಿಯಾಗಿ ತಿಳಿಯದ ಹಕ್ಕಿಯನ್ನು ಕಾಪಾಡುವುದಾದರೂ ಹೇಗೆ? ಮಾಟಮಂತ್ರದ ನೆಪದಲ್ಲಿ ಗೂಬೆಯನ್ನು ಕೊಲ್ಲುವವರು ಇಂದೂ ಇದ್ದಾರೆ. 1972ರ ವನ್ಯಜೀವಿ ಕಾಯಿದೆಯಂತೆ ಅದು ಅಪರಾಧ. ರೈತನ ಕಣಜಕ್ಕೆ ಕನ್ನವಿಕ್ಕುವ ಇಲಿಗಳನ್ನು ಕೂಲಿಯಿಲ್ಲದೆ ಹಿಡಿಯುವ ಕಾವಲುಗಾರ ಈ ಹಕ್ಕಿ. ಇಂದು ರಾತ್ರಿ ಅದು ಕೂಗಿದರೆ ಕಲ್ಲು ಹುಡುಕಬೇಡಿರಿ; ಯಾವ ಕುಟುಂಬದ್ದೆಂದು ವಿಚಾರಿಸಿರಿ.