ತೊಗರಿ ಬೇರಿನ ಗುಟ್ಟು

ಕಲಬುರಗಿ ಹೊಲದಾಗ ತೊಗರಿ ಗಿಡ ಮೆಲ್ಲಗ ಕಿತ್ತು ಬೇರು ನೋಡ್ರಿ. ಸಣ್ಣ ಸಣ್ಣ ಗಂಟು. ಒಡೆದ್ರ ಒಳಗ ನಸುಗೆಂಪು. ಅದೇ ಅಮೋನಿಯಾ ಕಾರ್ಖಾನಿ! ಒಳಗಿನ ಬ್ಯಾಕ್ಟೀರಿಯಾ ಗಾಳಿಯ ನೈಟ್ರೋಜನ್ ಮುರಿದು ಗಿಡಕ್ಕ ಉಣಿಸ್ತಾವ. ಕುಲುಮಿ ಬೇಡ, ಒತ್ತಡ ಬೇಡ.

ಕಮಲಾಪುರದ ಕೆಂಪು ಬಾಳಿಗೆ ಈ ಭಾಗ್ಯ ಇಲ್ಲ, ಗೊಬ್ಬರ ಹಾಕಲೇಬೇಕು. ಯೂರಿಯಾದ ಮೂಲ ಅಮೋನಿಯಾ. ಕಾರ್ಖಾನ್ಯಾಗ ಅದಕ್ಕ ಕಬ್ಬಿಣದ ವೇಗವರ್ಧಕ, 400 ಡಿಗ್ರಿ ಕಾವು, ಗಾಳಿಯ ಒತ್ತಡದ 100 ಪಟ್ಟಿಗೂ ಹೆಚ್ಚು ಒತ್ತಡ ಬೇಕು.

ಅಮೋನಿಯಾಕ್ಕ ಬೇಕಾದ ಹೈಡ್ರೋಜನ್ನ ಬಿಸಿಲಿನ ಕರೆಂಟಿನಿಂದ ನೀರು ಒಡೆದು ತೆಗೀಬಹುದು. ಆದ್ರ ಮೋಡ ಕವಿದ್ರ ಕರೆಂಟ್ ಇಳೀತದ. ಅಷ್ಟು ಕಾವು, ಒತ್ತಡದ ಯಂತ್ರ ಪದೇಪದೇ ನಿಲ್ಲಿಸಿ ಹಚ್ಚೋದು ಕಷ್ಟ. ಕಡಿಮಿ ಒತ್ತಡಕ್ಕ ರುಥೇನಿಯಂ ಅನ್ನೋ ಲೋಹ ವೇಗವರ್ಧಕವಾಗಿ ಒಗ್ಗತದ, ಖರೆ ಭಾಳ ತುಟ್ಟಿ. ಹಂಗ ಒಗ್ಗೋ ಅಗ್ಗದ ಲೋಹಕ್ಕೇ ಈಗ ಹುಡುಕಾಟ.

ತೊಗರಿ ಗಂಟಿನ್ಯಾಗ ನೈಟ್ರೋಜನ್ ಮುರಿಯೋ ಲೋಹ ಯಾವ್ದು ಗೊತ್ತೇನು? ಕಬ್ಬಿಣ, ಜೊತಿಗೆ ಚೂರು ಮಾಲಿಬ್ಡಿನಂ!