ಬ್ಯಾಟರಿ ವೈರ್ ಬಿಚ್ಚಿ ಹಾಕಿದರೆ ಕಾರಿನ 'ಚೆಕ್ ಎಂಜಿನ್' ಸಮಸ್ಯೆ ಹೋಗುತ್ತದೆಯೇ?

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟ್ ಬಂದರೆ ಬ್ಯಾಟರಿ ವೈರನ್ನು ಹತ್ತು ನಿಮಿಷ ಬಿಚ್ಚಿಡಿ, ಸರಿಹೋಗುತ್ತದೆ. ಆಮೇಲೂ ಲೈಟ್ ಬಂದರೆ ಇಸಿಎಂ ಕೆಟ್ಟಿದೆ ಎಂದರ್ಥ. ಇಂಥ ಸಲಹೆ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಎರಡೂ ಮಾತು ತಪ್ಪುದಾರಿಗೆ ಎಳೆಯುತ್ತವೆ. ಎರಡನೆಯದನ್ನು ನಂಬಿದರೆ ಸಾವಿರಾರು ರೂಪಾಯಿ ಸುಮ್ಮನೆ ಹೋಗಬಹುದು.

ಇಸಿಎಂ ಎಂದರೆ ಎಂಜಿನ್ನಿಗೆ ಎಷ್ಟು ಇಂಧನ, ಯಾವಾಗ ಎಂದು ನಿರ್ಧರಿಸುವ ಪುಟ್ಟ ಕಂಪ್ಯೂಟರ್. ಸೆನ್ಸರ್‌ಗಳು ಕಳಿಸುವ ವೋಲ್ಟೇಜ್ ನೋಡಿ ಅದು ಕೆಲಸ ಮಾಡುತ್ತದೆ. ಏನಾದರೂ ಏರುಪೇರಾದರೆ ಒಂದು ಕೋಡ್ ಬರೆದಿಟ್ಟು ಲೈಟ್ ಹಚ್ಚುತ್ತದೆ. ಬ್ಯಾಟರಿ ಬಿಚ್ಚಿದಾಗ ಅನೇಕ ಕಾರುಗಳಲ್ಲಿ ಅಳಿಸಿಹೋಗುವುದು ಆ ಕೋಡ್ ಮಾತ್ರ. ಪಾದರಸದ ಥರ್ಮಾಮೀಟರ್ ಝಾಡಿಸಿದರೆ ಜ್ವರ ಇಳಿಯುತ್ತದೆಯೇ? ಮೇಲಾಗಿ, ಮೆಕ್ಯಾನಿಕ್‌ಗೆ ಸಿಗಬೇಕಿದ್ದ ಸುಳಿವೂ ಹೋಗುತ್ತದೆ.

ಕೋಡ್ ಓದುವಾಗಲೂ ಎಚ್ಚರ ಬೇಕು. ಪಿ0122 ಎಂದು ಬಂದರೆ ಥ್ರಾಟಲ್ ಸೆನ್ಸರ್ ಕೆಟ್ಟಿದೆ ಎಂದಲ್ಲ, ಆ ಸರ್ಕ್ಯೂಟಿನಿಂದ ಬರುವ ವೋಲ್ಟೇಜ್ ಕಡಿಮೆಯಿದೆ ಎಂದಷ್ಟೇ. ಸೆನ್ಸರ್, ವೈರ್, ಸಾಕೆಟ್ ಯಾವುದಾದರೂ ಕಾರಣವಿರಬಹುದು. ಒಟ್ಟಿಗೆ ಮೂರ್ನಾಲ್ಕು ಸೆನ್ಸರ್‌ಗಳ ಕೋಡ್ ಬಂದರೆ ಅವೆಲ್ಲ ಒಂದೇ ದಿನ ಕೆಟ್ಟಿರುವ ಸಾಧ್ಯತೆ ಕಡಿಮೆ. ಅವು ಹಂಚಿಕೊಳ್ಳುವ 5 ವೋಲ್ಟ್ ವೈರನ್ನೋ ಅರ್ಥ್ ವೈರನ್ನೋ ಮೊದಲು ನೋಡಬೇಕು.

ನಮ್ಮ ಬಾಗಲಕೋಟೆ ಜಿಲ್ಲೆಯ ಕಾರುಗಳಿಗೆ ಇದು ಇನ್ನಷ್ಟು ಅನ್ವಯ. ಬೇಸಿಗೆಯ ಬಿಸಿಲಿಗೆ ಬಾನೆಟ್ ಒಳಗಿನ ವೈರ್‌ಗಳ ಹೊದಿಕೆ ಒಣಗಿ ಬಿರಿಯುತ್ತದೆ. ಇಳಕಲ್, ಹುನಗುಂದ ಕಡೆಯ ಗ್ರಾನೈಟ್ ಕ್ವಾರಿ ದಾರಿಗಳ ಕುಲುಕಾಟಕ್ಕೆ ಸಾಕೆಟ್‌ಗಳು ಸಡಿಲಾಗಬಹುದು. ಬಾದಾಮಿ ಸುತ್ತ ಹೊಲದ ಮನೆ ಮುಂದೆ ವಾರಗಟ್ಟಲೆ ನಿಂತ ಕಾರಾದರೆ ಇಲಿ ಕಡಿದಿದೆಯೇ ಎಂದು ಮೊದಲು ನೋಡಿ. ಬ್ಯಾಟರಿ ಟರ್ಮಿನಲ್ ಮೇಲಿನ ಬಿಳಿ-ಹಸಿರು ಕಿಲುಬು ಕೂಡ ಸಣ್ಣ ವಿಷಯವಲ್ಲ.

ಪರೀಕ್ಷೆಗೆ ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ಬಂದ್ ಇದ್ದಾಗ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.5. ಅದಕ್ಕಿಂತ ಮುಖ್ಯವಾದದ್ದು ಅರ್ಥ್ ಪರೀಕ್ಷೆ. ಹೆಡ್‌ಲೈಟ್ ಹಾಕಿ, ಎಂಜಿನ್ ಚಾಲೂ ಇಟ್ಟು, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಹಿಡಿಯಬೇಕು. 0.1 ವೋಲ್ಟ್ ಆಸುಪಾಸು ಇದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ಬಂದರೆ ಅರ್ಥ್ ಸಂಪರ್ಕ ಕೆಟ್ಟಿದೆ. ಕೆಲವರು ಮೀಟರ್ ಬೀಪ್ ಎಂದರೆ ವೈರ್ ಚೆನ್ನಾಗಿದೆ ಎಂದುಬಿಡುತ್ತಾರೆ. ಒಳಗೆ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ, ಆದರೆ ಕರೆಂಟ್ ಹೆಚ್ಚು ಬೇಕಾದಾಗ ಅದು ಕೈಕೊಡುತ್ತದೆ. ಹಾಗಾಗಿ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಇಸಿಎಂ ನಿಜವಾಗಿ ಕೆಡುವುದೇ ಇಲ್ಲವೆಂದಲ್ಲ. ಆದರೆ ಪವರ್, ಅರ್ಥ್, ವೈರಿಂಗ್ ಮೂರೂ ಸರಿಯಿದೆ ಎಂದು ಅಳೆದು ತೋರಿಸದೆ ಯಾರಾದರೂ ಹೊಸದು ಹಾಕಿಸಿ ಎಂದರೆ, ಅಳತೆ ಎಷ್ಟು ಬಂತು ಎಂದು ಕೇಳಿ. ಹೊಸ ಇಸಿಎಂಗೆ ಪ್ರೋಗ್ರಾಮಿಂಗ್, ಅನೇಕ ಕಾರುಗಳಲ್ಲಿ ಕೀ ಹೊಂದಿಸುವ ಖರ್ಚೂ ಸೇರುತ್ತದೆ.

ಲೈಟ್ ಸ್ಥಿರವಾಗಿ ಉರಿಯದೆ ಮಿನುಗುತ್ತಿದ್ದರೆ ಮಾತ್ರ ಇಷ್ಟೆಲ್ಲ ನೋಡುತ್ತಾ ಓಡಿಸಬೇಡಿ. ಅದು ಸಾಮಾನ್ಯವಾಗಿ ಎಂಜಿನ್ ಮಿಸ್ ಹೊಡೆಯುತ್ತಿರುವ ಸೂಚನೆ. ಸುಡದೆ ಹೋದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹಾಕಬಹುದು. ಕಾರನ್ನು ಬದಿಗೆ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಯಿರಿ.