ಪಾಟೀಲ ಸೋದರಿಯರು ಯಾವ ನಾಡಿನವರು?

ಜೆ. ಕೆ. ರೋಲಿಂಗ್ ಎಂಬ ಇಂಗ್ಲಿಷ್ ಲೇಖಕಿ 1997ರಿಂದ 2007ರವರೆಗಿನ ಹತ್ತು ವರ್ಷಗಳಲ್ಲಿ ಏಳು ಸಂಪುಟಗಳಾಗಿ ಹೊರತಂದ ಹ್ಯಾರಿ ಪಾಟರನ ಅದ್ಭುತಕಥೆಯನ್ನು ನಮ್ಮ ವಾಚಕರಲ್ಲಿ ಹಿರಿಯರಾದವರು ಓದಿರಲಿಕ್ಕಿಲ್ಲ; ಅವರ ಮನೆಯ ಮಕ್ಕಳು, ಮೊಮ್ಮಕ್ಕಳು ಓದಿರುವ ಸಂಭವವೇ ಹೆಚ್ಚು. ಇಂಗ್ಲಿಷಿನಲ್ಲಿ ಓದಲಾರದವರಿಗೆ ಅದು ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಬಂದಿದೆ. 2001ರಿಂದ 2011ರವರೆಗೆ ಎಂಟು ಚಲನಚಿತ್ರಗಳಾಗಿಯೂ ಮೂಡಿತು. ಮಾಟಮಂತ್ರಗಳನ್ನು ಕಲಿಸುವ ಹಾಗ್ವಾರ್ಟ್ಸ್ ಎಂಬ ವಸತಿಶಾಲೆ, ಅಲ್ಲಿಗೆ ಬಂದು ಸೇರುವ ಅನಾಥ ಬಾಲಕ, ಅವನ ತಂದೆತಾಯಿಗಳನ್ನು ಕೊಂದ ದುಷ್ಟ ಮಾಂತ್ರಿಕ—ಕಥೆಯ ಹಂದರ ಇಷ್ಟೇ. ಅದರ ಗುಣದೋಷಗಳ ವಿಮರ್ಶೆ ನಮ್ಮ ಉದ್ದೇಶವಲ್ಲ. ಆ ಕಥೆಯನ್ನು ಓದಿ ಬೆಳೆದ ತರುಣ ತರುಣಿಯರು ತಮ್ಮತಮ್ಮೊಳಗೆ ನಡೆಸುತ್ತ ಬಂದಿರುವ ಒಂದು ವಾದದ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯಬೇಕೆಂದಿದ್ದೇವೆ. ಆ ವಾದದ ಒಂದು ಎಳೆ ನಮ್ಮ ಈ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯವರೆಗೂ ಬಂದು ಮುಟ್ಟುತ್ತದೆ.

ಈ ಕಥೆಯ ಅಭಿಮಾನಿಗಳಿಗೆ ಒಂದು ವಿನೋದವುಂಟು. ಯಾವ ಪಾತ್ರ ಯಾವ ಪುಟದಲ್ಲಿ ಏನೆಂದಿತು, ಯಾರ ದಂಡದೊಳಗೆ ಯಾವ ಪಕ್ಷಿಯ ಗರಿಯಿದೆ ಎಂಬಂಥ ಚಿಲ್ಲರೆ ಸಂಗತಿಗಳನ್ನು ಬಾಯಿಪಾಠ ಮಾಡಿ ಒಬ್ಬರನ್ನೊಬ್ಬರು ಪರೀಕ್ಷಿಸುವುದು. ನಮ್ಮ ಹಿರಿಯರು ಗದುಗಿನ ಭಾರತವನ್ನು ಕೇಳಿ ಬಂದು, ಧರ್ಮರಾಯನ ಶಂಖದ ಹೆಸರೇನು, ಸಹದೇವನ ಶಂಖದ ಹೆಸರೇನು ಎಂದು ಕೇಳಿ ಕಿರಿಯರನ್ನು ತಬ್ಬಿಬ್ಬುಗೊಳಿಸುತ್ತಿದ್ದರಲ್ಲ, ಅದೇ ಜಾತಿಯದು. ಆದರೆ ಈ ಆಟ ಆಡುತ್ತಾಡುತ್ತ ಇನ್ನೊಂದು ಪ್ರಶ್ನೆಗೆ ಬಂದು ನಿಂತಿತು. ಈ ಶಾಲೆಯ ಮಕ್ಕಳಲ್ಲಿ ಬಿಳಿಯರೆಷ್ಟು, ಕರಿಯರೆಷ್ಟು, ನಮ್ಮಂಥವರು ಯಾರು? ಕಥಾನಾಯಕನ ಕುರಿತಾದರೆ ನೂರಾರು ಪುಟಗಳಿವೆ. ಈ ಮಕ್ಕಳಲ್ಲಿ ಹಲವರಿಗೆ ದೊರೆತಿರುವುದು ಎರಡು ಮೂರು ಸಾಲು. ಆದ್ದರಿಂದ ಒಂದೊಂದು ವಿಶೇಷಣವನ್ನೂ ಅಕ್ಕಸಾಲಿಗನು ಗುಲಗಂಜಿ ಇಟ್ಟು ತೂಗುವಂತೆ ತೂಗಿ ನೋಡಬೇಕಾಗುತ್ತದೆ.

ಡೀನ್ ಥಾಮಸ್ ಎಂಬ ಹುಡುಗನ ಉದಾಹರಣೆಯನ್ನೇ ನೋಡಬಹುದು. ಮೊದಲ ಸಂಪುಟದ ಅಮೆರಿಕದ ಮುದ್ರಣದಲ್ಲಿ ಅವನು ಕಪ್ಪು ಬಣ್ಣದ ಎತ್ತರದ ಬಾಲಕನೆಂಬ ಮಾತಿದೆ; ಬ್ರಿಟನ್ನಿನ ಮುದ್ರಣದಲ್ಲಿ ಆ ಮಾತಿಲ್ಲ. ಒಂದೇ ಪುಸ್ತಕವನ್ನು ಓದಿದ ಎರಡು ದೇಶಗಳ ಮಕ್ಕಳು ಅವನನ್ನು ಬೇರೆಬೇರೆಯಾಗಿ ಕಂಡಿದ್ದರೆ ಆಶ್ಚರ್ಯವೇನು? ಬ್ಲೇಯ್ಸ್ ಜಬೀನಿ ಎಂಬ ಇನ್ನೊಂದು ಹೆಸರು ಮೊದಲ ಸಂಪುಟದಲ್ಲಿ ಬರಿಯ ಹೆಸರಾಗಿ ಬಂದುಹೋಗುತ್ತದೆ. ಅದು ಹೆಣ್ಣೋ ಗಂಡೋ, ಯಾವ ಜನಾಂಗವೋ ಎಂದು ವರ್ಷಗಟ್ಟಲೆ ಜಗಳವಾಯಿತು. ಡಚ್ ಅನುವಾದದಲ್ಲಿ ಅದನ್ನು ಹೆಣ್ಣಿನ ಹೆಸರಾಗಿ ಮಾಡಿದ್ದೂ ಆಯಿತು. 2005ರಲ್ಲಿ ಆರನೆಯ ಸಂಪುಟ ಹೊರಬಂದಾಗ ಜಬೀನಿ ಕರಿಯ ಹುಡುಗನೆಂದು ತಿಳಿದು ವ್ಯಾಜ್ಯ ತೀರಿತು. ಲ್ಯಾವೆಂಡರ್ ಬ್ರೌನ್ ಎಂಬವಳದು ಇನ್ನೂ ವಿಚಿತ್ರವಾದ ಸಂಗತಿ. ಮೊದಲಿನ ಚಿತ್ರಗಳಲ್ಲಿ, ಮಾತೇ ಇಲ್ಲವೆಂಬಷ್ಟು ಚಿಕ್ಕದಾದ ಆ ಪಾತ್ರವನ್ನು ಕರಿಯ ಬಾಲಕಿಯರು ವಹಿಸಿದ್ದರು. 2009ರ ಚಿತ್ರದಲ್ಲಿ ಅವಳು ನಾಯಕನ ಗೆಳೆಯ ರಾನನ ಪ್ರೇಯಸಿಯಾಗುತ್ತಲೇ ಪಾತ್ರವು ಬಿಳಿಯ ನಟಿಗೆ ಸಂದಿತು. ನಿರ್ಮಾಪಕರ ಮನಸ್ಸಿನಲ್ಲಿ ಏನಿತ್ತೋ ನಾವು ಊಹಿಸಲಾರೆವು; ಆದರೆ ಹಳೆಯ ಚಿತ್ರಗಳನ್ನು ಬಿಡಿಬಿಡಿಯಾಗಿ ನಿಲ್ಲಿಸಿ ನೋಡಿ ಇದನ್ನು ಪತ್ತೆಹಚ್ಚಿದ ಮಕ್ಕಳ ಕಣ್ಣನ್ನು ಮೆಚ್ಚಲೇಬೇಕು.

ಎಲ್ಲಕ್ಕಿಂತ ದೊಡ್ಡ ಕೋಲಾಹಲವೆದ್ದುದು ಹರ್ಮೈನಿಯ ವಿಷಯದಲ್ಲಿ. ಕಥೆಯ ಮುಂದಿನ ಕಾಲವನ್ನು ತೋರಿಸುವ ನಾಟಕವೊಂದು 2016ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ಪ್ರಯೋಗಗೊಂಡಿತು. ಅದರಲ್ಲಿ ಪ್ರೌಢೆಯಾದ ಹರ್ಮೈನಿಯ ಪಾತ್ರವನ್ನು ವಹಿಸಿದವರು ದಕ್ಷಿಣ ಆಫ್ರಿಕದ ಮೂಲದ ನೋಮಾ ದುಮೆಜ್ವೇನಿ. ಆಕೆ ಕರಿಯಳಾಗುವುದೆಂತು ಎಂದು ಹಲವರು ಸಿಡಿಮಿಡಿಗೊಂಡರು. ಬಿಳಿಯ ಮೈಬಣ್ಣವನ್ನು ತಾನೆಲ್ಲಿಯೂ ಗೊತ್ತುಪಡಿಸಿಲ್ಲವೆಂದು ರೋಲಿಂಗ್ ಉತ್ತರ ಕೊಟ್ಟರು. ಕೂಡಲೇ ಒಂದು ಪಕ್ಷದವರು ಮೂರನೆಯ ಸಂಪುಟವನ್ನು ತೆರೆದು, ಮರದ ಮರೆಯಿಂದ ಹೊರಗೆ ಚಾಚಿದ ಹರ್ಮೈನಿಯ ಮುಖ ಬೆಳ್ಳಗಿತ್ತೆಂಬ ವಾಕ್ಯವನ್ನು ಮುಂದಿಟ್ಟರು. ಎದುರು ಪಕ್ಷದವರು ಅದೇ ಸಂಪುಟದಿಂದ, ರಜೆ ಕಳೆದು ಬಂದ ಹರ್ಮೈನಿ ಬಹಳ ಕಂದಾಗಿದ್ದಳೆಂಬ ವಾಕ್ಯವನ್ನು ತೆಗೆದು ತೋರಿಸಿದರು. ಹೆದರಿದವರ ಮುಖ ಬಿಳಿಚುವುದೂ ಬಿಸಿಲಿಗೆ ಮೈ ಕಂದುವುದೂ ಲೋಕಸಹಜವೆಂದು ಮೂರನೆಯವರು ತೀರ್ಪು ಹೇಳಿದರು. ತರ್ಕಶಾಸ್ತ್ರದ ವಿದ್ವಾಂಸರೂ ತಲೆದೂಗಬೇಕಾದ ವಾದವಿದು. ದುಮೆಜ್ವೇನಿಯವರಿಗೆ ಆ ಪಾತ್ರಕ್ಕಾಗಿಯೇ 2017ರಲ್ಲಿ ಒಲಿವಿಯೇ ಪ್ರಶಸ್ತಿ ಬಂದಿತು.

ಇದು ರೋಲಿಂಗರ ಕಥೆಗೆ ಮಾತ್ರ ಸೀಮಿತವಾದುದಲ್ಲ. ಅಮೆರಿಕದ ಉರ್ಸುಲಾ ಲ ಗ್ವಿನ್ 1968ರಷ್ಟು ಹಿಂದೆಯೇ ತಮ್ಮ ಮಾಂತ್ರಿಕ ನಾಯಕನನ್ನು ಕೆಂಗಂದು ಬಣ್ಣದವನನ್ನಾಗಿ ಬುದ್ಧಿಪೂರ್ವಕವಾಗಿ ಚಿತ್ರಿಸಿದ್ದರು. 2004ರಲ್ಲಿ ದೂರದರ್ಶನಕ್ಕಾಗಿ ಅದನ್ನು ಚಿತ್ರೀಕರಿಸಿದವರು ಅವನನ್ನು ಬಿಳಿಯನನ್ನಾಗಿ ಮಾಡಿದಾಗ ಅವರು ಬಹಿರಂಗವಾಗಿಯೇ ಖಂಡಿಸಿ ಬರೆದರು. 'ಹಂಗರ್ ಗೇಮ್ಸ್' ಎಂಬ ಕಾದಂಬರಿಯಲ್ಲಿ ರೂ ಎಂಬ ಪುಟ್ಟ ಹುಡುಗಿಯ ಮೈಬಣ್ಣ ಗಾಢವಾದ ಕಂದು ಎಂದು ಸ್ಪಷ್ಟವಾಗಿ ಬರೆದಿದ್ದರೂ, 2012ರ ಚಿತ್ರದಲ್ಲಿ ಅವಳನ್ನು ಹಾಗೆಯೇ ಕಂಡ ಕೆಲವು ಎಳೆಯ ಪ್ರೇಕ್ಷಕರು ತಮಗೆ ಮೋಸವಾಯಿತೆಂಬಂತೆ ದೂರಿಕೊಂಡರು. ಕಣ್ಣು ಓದಿದುದನ್ನು ಮನಸ್ಸು ಓದಿರಲಿಲ್ಲ. ಹರ್ಮೈನಿಯ ಜಗಳದಲ್ಲಿ ವಿನೋದವಿದೆ. ಇದರಲ್ಲಿ ನಮಗೆ ವಿನೋದ ಕಾಣದು. ಆ ಪಾತ್ರ ವಹಿಸಿದ ಬಾಲೆಗೆ ಆಗಿನ್ನೂ ಹದಿನಾಲ್ಕು ತುಂಬಿರಲಿಲ್ಲ.

ಇನ್ನು ನಮ್ಮ ಸೀಮೆಯ ಎಳೆಗೆ ಬರೋಣ. ಹಾಗ್ವಾರ್ಟ್ಸ್ ಶಾಲೆಯಲ್ಲಿ ಹ್ಯಾರಿಯ ಸಹಪಾಠಿಗಳಾಗಿ ಇಬ್ಬರು ಅವಳಿ ಹುಡುಗಿಯರಿದ್ದಾರೆ. ಒಬ್ಬಳು ಪಾರ್ವತಿ ಪಾಟೀಲ, ಮತ್ತೊಬ್ಬಳು ಪದ್ಮಾ ಪಾಟೀಲ. ಪಾರ್ವತಿಯನ್ನು ಗ್ರಿಫಿಂಡರ್ ಎಂಬ ವಿಭಾಗಕ್ಕೂ ಪದ್ಮಾಳನ್ನು ರೇವನ್‌ಕ್ಲಾ ಎಂಬ ವಿಭಾಗಕ್ಕೂ ಸೇರಿಸುತ್ತಾರೆ; ಚಿತ್ರದವರು ಇಬ್ಬರನ್ನೂ ಒಂದೇ ವಿಭಾಗದಲ್ಲಿ ಕೂಡಿಸಿಬಿಟ್ಟಿರುವುದು ಅಭಿಮಾನಿಗಳ ಪ್ರಶ್ನೆಪತ್ರಿಕೆಯಲ್ಲಿ ತಪ್ಪದೆ ಬರುವ ಪ್ರಶ್ನೆ. ಪಾರ್ವತಿಗೆ ಭವಿಷ್ಯ ಹೇಳುವ ವಿದ್ಯೆಯಲ್ಲಿ ಬಲು ಆಸಕ್ತಿ. ಪದ್ಮಾ ಮುಂದೆ ತನ್ನ ವಿಭಾಗದ ನಾಯಕಿಯಾಗುತ್ತಾಳೆ. ನಾಲ್ಕನೆಯ ಸಂಪುಟದ ನೃತ್ಯೋತ್ಸವಕ್ಕೆ ಹ್ಯಾರಿಗೆ ಪಾರ್ವತಿಯೂ ರಾನನಿಗೆ ಪದ್ಮಾಳೂ ಜೊತೆಯಾಗುತ್ತಾರೆ. ಆ ಹುಡುಗರಿಬ್ಬರೂ ಬೇರೆ ಹುಡುಗಿಯರನ್ನೇ ನೆನೆಯುತ್ತ ಮುಖ ಗಂಟಿಕ್ಕಿಕೊಂಡು ಕುಳಿತು, ಇವರ ಸಂಜೆಯನ್ನು ಹಾಳುಮಾಡುತ್ತಾರೆ. ಪುಸ್ತಕದಲ್ಲಿ ಅವರ ಉಡುಪು ಉಳಿದವರಂತೆಯೇ ಮಾಂತ್ರಿಕರ ನಿಲುವಂಗಿ. ಪಾರ್ವತಿಯ ಜಡೆಯಲ್ಲಿ ಚಿನ್ನದ ಎಳೆ, ಕೈಯಲ್ಲಿ ಚಿನ್ನದ ಬಳೆ. 2005ರ ಚಿತ್ರದಲ್ಲಿ ಮಾತ್ರ ಅವರಿಗೆ ಗುಲಾಬಿ, ಕಿತ್ತಳೆ ಬಣ್ಣಗಳ ಲೆಹಂಗ ತೊಡಿಸಿದರು. ಬ್ರಿಟನ್, ಅಮೆರಿಕಗಳಲ್ಲಿ ಬೆಳೆದ ನಮ್ಮ ದೇಶದ ಮೂಲದ ಹುಡುಗಿಯರ ಕೋಪ ಆ ಬಟ್ಟೆಯ ಮೇಲೆ ಇಂದಿಗೂ ಇಳಿದಿಲ್ಲ. ಇಷ್ಟು ದೀರ್ಘವಾದ ಕಥೆಯಲ್ಲಿ ತಮ್ಮವರೆಂದು ಇದ್ದವರು ಇಬ್ಬರು; ಮದುವೆಯ ಮನೆಯಲ್ಲಿ ಯಾವ ತಾಯಿಯೂ ಮಗಳಿಗೆ ತೊಡಿಸದಂಥ ಬಡಕಲು ಉಡುಪನ್ನು ಅವರಿಗೆ ತೊಡಿಸಬೇಕೇ ಎಂಬುದು ಅವರ ಅಳಲು. ಈ ಅಳಲನ್ನು ಹಗುರವೆಂದು ನಾವು ತಳ್ಳಿಹಾಕಲಾರೆವು.

ಈ ಪಾತ್ರಗಳನ್ನು ವಹಿಸಿದ ಶೆಫಾಲಿ ಚೌಧುರಿ, ಅಫ್ಶಾನ್ ಆಜಾದ್ ಇಬ್ಬರೂ ಬಾಂಗ್ಲಾದೇಶದ ಮೂಲದವರು. ಪಾಟೀಲರೆಂಬವರು ಬಂಗಾಳಿಗಳಾಗುವುದೆಂತು ಎಂದು ಕೆಲವರು ಕೇಳಿದ್ದುಂಟು. ನಮ್ಮ ಬಯಲಾಟದ ಸೀಮೆಯಲ್ಲಿ ವೇಷ ಕಟ್ಟಿದವನ ಕುಲವನ್ನು ಕೇಳುವ ವಾಡಿಕೆಯಿಲ್ಲ. ಕನ್ನಡ ನಾಡಿನಿಂದ ಬಂದ ಭಾಗವತರ ಆಟಗಳನ್ನು ಕಂಡೇ 1843ರಲ್ಲಿ ಸಾಂಗಲಿಯ ವಿಷ್ಣುದಾಸ ಭಾವೆಯವರು ಮರಾಠಿ ನಾಟಕಕ್ಕೆ ನಾಂದಿ ಹಾಡಿದರು. ವೇಷಕ್ಕೆ ಭಾಷೆಯ ಗಡಿಯೇ ಅಡ್ಡಬರಲಿಲ್ಲ.

ಆದರೂ ಪಾಟೀಲ ಸೋದರಿಯರ ಮನೆಮಾತು ಯಾವುದೆಂಬ ಪ್ರಶ್ನೆಗೆ ಅಭಿಮಾನಿಗಳಲ್ಲಿ ಹೆಚ್ಚಿನವರು ಮರಾಠಿಯೆಂದು ಥಟ್ಟನೆ ಉತ್ತರಿಸುವುದನ್ನು ಕಂಡಾಗ ನಾವು ಒಂದು ಮಾತು ಹೇಳದಿರಲಾರೆವು. ಪಾಟೀಲನೆಂಬುದು ಜಾತಿಯ ಹೆಸರೂ ಅಲ್ಲ, ಭಾಷೆಯ ಹೆಸರೂ ಅಲ್ಲ; ಹುದ್ದೆಯ ಹೆಸರು. ಮೈಸೂರು ಸೀಮೆಯಲ್ಲಿ ಊರ ಗೌಡನು ಮಾಡುತ್ತಿದ್ದ ಕೆಲಸವನ್ನು ಇತ್ತ ಪಾಟೀಲನು ಮಾಡುತ್ತಿದ್ದ. ಮಹಾರಾಷ್ಟ್ರದಲ್ಲಿ ವಂಶಪಾರಂಪರ್ಯವಾದ ಆ ಹುದ್ದೆ 1960ರ ದಶಕದಲ್ಲಿ ರದ್ದಾಯಿತು, ಹೆಸರು ಉಳಿಯಿತು. ಮರಾಠರಲ್ಲಿ, ಲಿಂಗಾಯತರಲ್ಲಿ, ಜೈನರಲ್ಲಿ, ಮುಸಲ್ಮಾನರಲ್ಲಿ ಕೂಡ ಪಾಟೀಲರಿದ್ದಾರೆ. ಸಾಂಗಲಿ ಜಿಲ್ಲೆಯ ವಸಂತದಾದಾ ಪಾಟೀಲರು ಮಹಾರಾಷ್ಟ್ರದ ಮುಖ್ಯಮಂತ್ರಿಗಳಾಗಿದ್ದರು. ಚಿಂಚೋಳಿಯ ವೀರೇಂದ್ರ ಪಾಟೀಲರು 1968ರಲ್ಲಿ ಮೈಸೂರು ರಾಜ್ಯಕ್ಕೂ 1989ರಲ್ಲಿ ಕರ್ನಾಟಕಕ್ಕೂ ಮುಖ್ಯಮಂತ್ರಿಗಳಾದರು. ಒಬ್ಬರ ಮನೆಯಲ್ಲಿ 'ಆಯಿ' ಎಂದರೆ ಇನ್ನೊಬ್ಬರ ಮನೆಯಲ್ಲಿ 'ಅವ್ವ'. ಅಡ್ಡಹೆಸರನ್ನು ಕೇಳಿದೊಡನೆ ಮನೆಮಾತನ್ನು ನಿರ್ಧರಿಸಿಬಿಡುವ ಅನುಭವ ನಮ್ಮ ಗಡಿಯ ಮಕ್ಕಳಿಗೆ ಹೊಸದಲ್ಲ. ಶಾಲೆಯ ದಾಖಲೆಯಲ್ಲಿ, ಪಡಿತರ ಚೀಟಿಯಲ್ಲಿ, ಸಂದರ್ಶನದ ಮೇಜಿನೆದುರಿನಲ್ಲಿ ಅವರು ಅದನ್ನು ಕಂಡವರೇ. ಪುಣೆಯಲ್ಲಿ ಕನ್ನಡಿಗರೆನಿಸಿಕೊಂಡವರು ಬೆಂಗಳೂರಿನಲ್ಲಿ ಮರಾಠಿಯವರೆನಿಸಿಕೊಳ್ಳುತ್ತಾರೆ. ಜತ್ತದ ಪಾಟೀಲರ ಮಗಳೊಬ್ಬಳು ಈ ಕಥೆಯನ್ನೋದಿ, ಪಾರ್ವತಿ, ಪದ್ಮಾ ತನ್ನವರೇ ಎಂದುಕೊಂಡರೆ ಆ ಹಕ್ಕನ್ನು ಅಲ್ಲಗಳೆಯುವ ಆಧಾರ ಏಳು ಸಂಪುಟಗಳಲ್ಲಿ ಎಲ್ಲಿಯೂ ಇಲ್ಲ.

ರೋಲಿಂಗರು ಹೆಸರಿಡುವುದರಲ್ಲಿ ಸದಾ ಜಾಗರೂಕರೆಂದೇನೂ ನಾವು ಹೇಳುತ್ತಿಲ್ಲ. ಚೋ ಚಾಂಗ್ ಎಂಬ ಹೆಸರಿನ ಬಗೆಗೆ 2013ರಲ್ಲಿ ಅಮೆರಿಕದ ವಿದ್ಯಾರ್ಥಿನಿಯೊಬ್ಬಳು ತೀಕ್ಷ್ಣವಾದ ಕವಿತೆಯೊಂದನ್ನು ಸಭೆಯಲ್ಲಿ ಹೇಳಿ ಹೆಸರಾದಳು. 2018ರಲ್ಲಿ ಖಳನಾಯಕನ ಸರ್ಪವಾದ ನಾಗಿನಿಯು ಮೂಲದಲ್ಲಿ ಏಷ್ಯದ ಹೆಂಗಸೆಂದು ತೋರಿಸಿ, ನಾಗರ ಕಲ್ಪನೆಯು ಇಂಡೊನೇಷ್ಯದ ಪುರಾಣದ್ದೆಂದು ಅವರು ವಿವರಿಸಿದಾಗ, ಹುತ್ತಕ್ಕೆ ಹಾಲೆರೆಯುವ ನಮ್ಮವರು ಸುಮ್ಮನಿರಲಿಲ್ಲ.

ಆರನೆಯ ಸಂಪುಟದ ಕೊನೆಯಲ್ಲಿ ಶಾಲೆಯ ಮುಖ್ಯಸ್ಥನ ಕೊಲೆಯಾಗುತ್ತದೆ. ಮರುದಿನ ಬೆಳಗಿನ ಉಪಾಹಾರಕ್ಕೆ ಮುಂಚೆಯೇ ಪಾಟೀಲ ಸೋದರಿಯರು ಶಾಲೆ ಬಿಟ್ಟು ಹೋದರೆಂದು ಒಂದೇ ವಾಕ್ಯವಿದೆ. ಏಳನೆಯ ಸಂಪುಟದ ಕಾಳಗದ ಹೊತ್ತಿಗೆ ಇಬ್ಬರೂ ಹಾಗ್ವಾರ್ಟ್ಸಿನಲ್ಲಿ ಹೋರಾಡುವವರ ನಡುವೆ ನಿಂತಿರುತ್ತಾರೆ. ನಡುವೆ ಅವರು ಹೋಗಿ ಬಂದ ಆ ಮನೆ ಯಾವ ಊರಿನಲ್ಲಿತ್ತು, ಅಲ್ಲಿ ತಾಯಿ ಬಾಗಿಲು ತೆರೆದು ಯಾವ ಮಾತಿನಲ್ಲಿ ಒಳಗೆ ಕರೆದಳು ಎಂಬುದನ್ನು ಲೇಖಕಿ ಬರೆದಿಲ್ಲ.